ಕಾಠಿ ರೋಲ್

ಅಡುಗೆಯನ್ನು ಕುರಿತು ಬರೆಯುವ ಸಂಪ್ರದಾಯ ನಮ್ಮ ನಾಡಿನಲ್ಲಿ ಹಳೆಯದು. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಗ್ರಂಥವನ್ನು ಕನ್ನಡದಲ್ಲಿ ಪದ್ಯರೂಪವಾಗಿ ರಚಿಸಿ, ಹಿಟ್ಟಿನ ಭಕ್ಷ್ಯಗಳನ್ನೂ ತರಕಾರಿಯ ಪಾಕಗಳನ್ನೂ ಬಾಯಲ್ಲಿ ನೀರೂರುವಂತೆ ವರ್ಣಿಸಿದ್ದಾನೆ. ಅಂಥ ಗ್ರಂಥಗಳಲ್ಲಿ ಕಾಣಬರುವ ಅಡುಗೆ ಬಹುಮಟ್ಟಿಗೆ ಅನುಕೂಲವಂತರ ಮನೆಯದು. ಅಲ್ಲಿ ಉಣ್ಣುವವರಿಗೆ ಬೇಕಾದಷ್ಟು ಹೊತ್ತಿತ್ತು; ಬಡಿಸಲು ಜನರಿದ್ದರು; ಎಲೆಯ ಮುಂದೆ ಕುಳಿತುಕೊಳ್ಳಲು ಸ್ಥಳವಿತ್ತು. ಇವು ಯಾವುವೂ ಇಲ್ಲದವನು ಹೊಟ್ಟೆಗೆ ಏನು ಮಾಡಿಕೊಳ್ಳಬೇಕು? ಈ ಪ್ರಶ್ನೆಯನ್ನು ಹಿಂದಿನವರು ಅಷ್ಟಾಗಿ ಕೇಳಿಕೊಳ್ಳಲಿಲ್ಲ. ಆಧುನಿಕ ನಗರವು ಇಂಥ ಮನುಷ್ಯರನ್ನು ಲಕ್ಷಗಟ್ಟಲೆ ಸೃಷ್ಟಿಸಿದ ಮೇಲೆ, ಪುಸ್ತಕ ಬರೆಯುವವರಿಗಿಂತ ಮೊದಲು ಬೀದಿಯ ಬದಿಯಲ್ಲಿ ಒಲೆ ಹೂಡಿದವರು ಅದಕ್ಕೆ ಉತ್ತರವನ್ನು ಹುಡುಕಿದರು. ಅಂಥ ಉತ್ತರಗಳಲ್ಲಿ ಒಂದು ಕೋಲ್ಕತ ನಗರದ ಕಾಠಿ ರೋಲ್.

ಹೆಸರಿನಿಂದಲೇ ಆರಂಭಿಸೋಣ. 'ಕಾಠಿ' ಎಂಬ ಮಾತನ್ನು ಕೇಳಿದೊಡನೆ ಕನ್ನಡಿಗರಿಗೆ 'ಕತ್ತಿ'ಯ ನೆನಪಾಗಬಹುದು. ಈ ತಿನಿಸಿಗೂ ಕತ್ತಿಗೂ ಯಾವ ಸಂಬಂಧವೂ ಇಲ್ಲ. ಸಂಸ್ಕೃತದ 'ಕಾಷ್ಠ' ಎಂದರೆ ಮರ, ಕಟ್ಟಿಗೆ ಎಂಬುದನ್ನು ನೀವು ಬಲ್ಲಿರಿ. ಆ ಶಬ್ದವೇ ಬಂಗಾಳಿಯಲ್ಲಿ 'ಕಾಠ್' ಆಗಿದೆ. ಅದರಿಂದ ಬಂದ 'ಕಾಠಿ' ಎಂಬುದಕ್ಕೆ ಕಡ್ಡಿ ಎಂದು ಅರ್ಥ. ರೋಲ್ ಎಂದರೆ ಸುರುಳಿ. ಆದಕಾರಣ ಕಾಠಿ ರೋಲ್ ಎಂದರೆ 'ಕಡ್ಡಿಯ ಸುರುಳಿ'. ಆದರೆ ಇಂದು ಆ ತಿನಿಸನ್ನು ಕೊಂಡು ಬಿಚ್ಚಿ ನೋಡಿದರೆ ಒಳಗಾಗಲಿ ಹೊರಗಾಗಲಿ ಒಂದು ಕಡ್ಡಿಯೂ ಕಾಣುವುದಿಲ್ಲ. ಮೇಲೆ ತೆಳ್ಳನೆಯ ಕಾಗದ, ಅದರೊಳಗೆ ಎಣ್ಣೆಯಲ್ಲಿ ಬೇಯಿಸಿದ ಪರಾಠ, ಪರಾಠದ ಮಡಿಲಿನಲ್ಲಿ ಮಾಂಸವೋ ಮೊಟ್ಟೆಯೋ ಪನೀರೋ, ಜೊತೆಗೆ ಹಸಿ ಈರುಳ್ಳಿಯ ಎಳೆಗಳು, ಹಸಿಮೆಣಸಿನಕಾಯಿಯ ಚೂರು, ನಿಂಬೆಯ ರಸ. ಇಷ್ಟೇ. ಹಾಗಾದರೆ ಕಡ್ಡಿ ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು? ಇದನ್ನು ತಿಳಿಯಬೇಕಾದರೆ ಆ ಊರಿನ ವಿಚಾರವನ್ನು ಸ್ವಲ್ಪ ತಿಳಿಯಬೇಕು.

ಕೋಲ್ಕತವು 1911ರವರೆಗೆ ಬ್ರಿಟಿಷ್ ಇಂಡಿಯದ ರಾಜಧಾನಿಯಾಗಿದ್ದ ನಗರ. ರಾಜಧಾನಿಯು ದೆಹಲಿಗೆ ಹೋಯಿತಾದರೂ ಕಚೇರಿಗಳು, ಬ್ಯಾಂಕುಗಳು, ಸೆಣಬಿನ ಮತ್ತು ಚಹದ ವ್ಯಾಪಾರದ ಸಂಸ್ಥೆಗಳು ಅಲ್ಲಿಯೇ ಉಳಿದವು. ಹಿಂದೆ ಡಾಲ್‌ಹೌಸಿ ಚೌಕವೆಂದು ಹೆಸರಾಗಿದ್ದ, ಈಗ ವಿನಯ್, ಬಾದಲ್, ದಿನೇಶ್ ಎಂಬ ಮೂವರು ಕ್ರಾಂತಿಕಾರಿಗಳ ಸ್ಮರಣಾರ್ಥ ಬಿ.ಬಿ.ಡಿ. ಬಾಗ್ ಎಂದು ಕರೆಯಲ್ಪಡುವ ಪ್ರದೇಶದಲ್ಲಿ ಇಂಥ ಕಚೇರಿಗಳು ದಟ್ಟವಾಗಿ ನಿಂತಿವೆ. ಈ ಕಚೇರಿಗಳಲ್ಲಿ ದುಡಿಯುವ ಗುಮಾಸ್ತರಲ್ಲಿ ಅನೇಕರು ನಗರದೊಳಗೆ ವಾಸಿಸುವವರಲ್ಲ. ಹೌರಾ, ಸಿಯಾಲ್ದಾ ನಿಲ್ದಾಣಗಳಲ್ಲಿ ಬೆಳಗ್ಗೆ ರೈಲಿನಿಂದ ಇಳಿದು, ಬಸ್ಸುಗಳನ್ನು ಹಿಡಿದು, ಸಂಜೆ ಮತ್ತೆ ಅದೇ ದಾರಿಯಲ್ಲಿ ಊರಿಗೆ ಮರಳುವವರು ಅವರು. ಮನೆಗೆ ಹೋಗಿ ಉಂಡು ಬರುವ ಮಾತು ದೂರ. ಮಧ್ಯಾಹ್ನ ದೊರೆಯುವ ಬಿಡುವು ಅಲ್ಪ. ಸಂಜೆಯಂತೂ ರೈಲು ತಪ್ಪೀತೆಂಬ ಆತುರ. ಒಂದು ಕೈಯಲ್ಲಿ ಚೀಲವೋ ಕೊಡೆಯೋ ಇರುತ್ತದೆ. ತಿನ್ನಲು ಉಳಿಯುವುದು ಇನ್ನೊಂದು ಕೈ ಮಾತ್ರ.

ಇತ್ತ ಆ ನಗರದಲ್ಲಿ ಕಬಾಬಿನ ರುಚಿ ಮೊದಲಿನಿಂದಲೂ ಬೇರೂರಿತ್ತು. ಅವಧ ರಾಜ್ಯವನ್ನು ಇಂಗ್ಲಿಷರು 1856ರಲ್ಲಿ ಕಸಿದುಕೊಂಡಾಗ ಅದರ ನವಾಬನಾದ ವಾಜಿದ್ ಅಲಿ ಷಾ ಲಖನೌ ನಗರವನ್ನು ತೊರೆದು ಕೋಲ್ಕತಕ್ಕೆ ಬಂದನು. ನಗರದ ಅಂಚಿನ ಮೆಟಿಯಾಬ್ರುಜ್ ಎಂಬಲ್ಲಿ ನೆಲೆಸಿ, 1887ರಲ್ಲಿ ಅಲ್ಲಿಯೇ ತೀರಿಕೊಂಡನು. ರಾಜ್ಯವನ್ನು ಕಳೆದುಕೊಂಡರೂ ರಸಿಕತೆಯನ್ನು ಕಳೆದುಕೊಳ್ಳದ ಈ ನವಾಬನ ಹಿಂದೆ ಗಾಯಕರು, ನರ್ತಕರು, ಬಾಣಸಿಗರು ಬಂದರು. ಕಾಠಿ ರೋಲನ್ನು ಆ ಬಾಣಸಿಗರೇ ಕಂಡುಹಿಡಿದರೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಕೆಂಡದ ಮೇಲೆ ಮಾಂಸವನ್ನು ಹದವಾಗಿ ಸುಡುವ ವಿದ್ಯೆಗೂ ಪದರುಪದರಾದ ಪರಾಠಕ್ಕೂ ಕೋಲ್ಕತದಲ್ಲಿ ಆದರ ದೊರೆಯಲು ಅವರು ಕಾರಣರಾದರೆಂದು ಧಾರಾಳವಾಗಿ ಹೇಳಬಹುದು.

ಕೋಲ್ಕತದ ಮಧ್ಯಭಾಗದಲ್ಲಿ 1874ರಲ್ಲಿ ತೆರೆದ 'ನ್ಯೂ ಮಾರ್ಕೆಟ್' ಎಂಬ ದೊಡ್ಡ ಮಾರುಕಟ್ಟೆಯಿದೆ. ಹೆಸರು ಹೊಸ ಮಾರುಕಟ್ಟೆಯಾದರೂ ಅದಕ್ಕೀಗ ಒಂದೂವರೆ ಶತಮಾನದ ವಯಸ್ಸು. ಅದರ ಸಮೀಪದಲ್ಲಿ ರಜಾ ಹಸನ್ ಎಂಬವರು 1932ರಲ್ಲಿ 'ನಿಜಾಮ್ಸ್' ಎಂಬ ಹೋಟೆಲನ್ನು ಆರಂಭಿಸಿದರು. ಅಲ್ಲಿ ಮಸಾಲೆಯಲ್ಲಿ ನೆನೆಸಿದ ಮಾಂಸದ ತುಂಡುಗಳನ್ನು ಸಲಾಕೆಗೆ ಪೋಣಿಸಿ, ಇದ್ದಲಿನ ಕೆಂಡದ ಮೇಲೆ ಸುಟ್ಟು, ಪರಾಠದೊಂದಿಗೆ ಕೊಡುತ್ತಿದ್ದರು. ತಟ್ಟೆಯಲ್ಲಿ ಪರಾಠ, ಅದರ ಪಕ್ಕದಲ್ಲಿ ಕಬಾಬು. ಇದನ್ನು ಕುಳಿತು ತಿನ್ನಬೇಕು, ಕೈ ತೊಳೆಯಬೇಕು. ಒಂದು ದಿನ ಕಬಾಬು ಪಕ್ಕದಿಂದ ಪರಾಠದ ಒಳಕ್ಕೆ ಸೇರಿತು, ಪರಾಠ ಸುರುಳಿಯಾಯಿತು. ಮೇಲೆ ಕಾಗದ ಸುತ್ತಿ ಗಿರಾಕಿಯ ಕೈಗೆ ಕೊಟ್ಟರು. ತಟ್ಟೆ ಬೇಡವಾಯಿತು, ಮೇಜೂ ಬೇಡವಾಯಿತು.

ಹೀಗೆ ಸುತ್ತಿ ಕೊಡುವ ಬುದ್ಧಿ ಹುಟ್ಟಿದ್ದು ಹೇಗೆಂಬ ಬಗ್ಗೆ ಎರಡು ಕಥೆಗಳು ಪ್ರಚಾರದಲ್ಲಿವೆ. ಕುಳಿತು ತಿನ್ನಲು ವ್ಯವಧಾನವಿಲ್ಲದ ನೌಕರರಿಗಾಗಿ ಹೀಗೆ ಮಾಡಿದರು ಎಂಬುದು ಒಂದು. ಎಣ್ಣೆಯ ಕಬಾಬನ್ನು ಕೈಯಿಂದ ಮುಟ್ಟಲು ಹೇಸುತ್ತಿದ್ದ ಇಂಗ್ಲಿಷ್ ಸಾಹೇಬರಿಗಾಗಿ ಕಾಗದದಲ್ಲಿ ಸುತ್ತಿದರು ಎಂಬುದು ಇನ್ನೊಂದು. ಎರಡನೆಯ ಕಥೆ ಕೇಳಲು ಸ್ವಾರಸ್ಯವಾಗಿದೆ. ಆದರೆ ಸಾಹೇಬರಿಗೆ ಚಾಕು ಫೋರ್ಕುಗಳಿದ್ದವು, ಬಡಿಸಲು ಸೇವಕರಿದ್ದರು. ಅವರಿಗೆ ಕಾಗದದ ಸುರುಳಿಯ ಅಗತ್ಯ ಅಷ್ಟಾಗಿ ಇದ್ದಿರಲಾರದು. ಅಗತ್ಯವಿದ್ದವನು ರೈಲು ಹಿಡಿಯಬೇಕಾದ ಗುಮಾಸ್ತ. ಆದುದರಿಂದ ಮೊದಲನೆಯ ಕಥೆಯೇ ಹೆಚ್ಚು ಸಹಜವೆಂದು ತೋರುತ್ತದೆ.

ಇನ್ನು ಕಡ್ಡಿಯ ವಿಚಾರ. ಮೊದಲು ಕಬಾಬಿಗೆ ಬಳಸುತ್ತಿದ್ದುದು ಕಬ್ಬಿಣದ ಸಲಾಕೆ. ಕಬ್ಬಿಣವು ಉಷ್ಣವಾಹಕ, ಆದುದರಿಂದ ಮಾಂಸದ ತುಂಡು ಹೊರಗಿನಿಂದ ಕೆಂಡದ ಶಾಖಕ್ಕೂ ಒಳಗಿನಿಂದ ಸಲಾಕೆಯ ಶಾಖಕ್ಕೂ ಬೇಯುತ್ತದೆ. ಇದು ಅದರ ಗುಣ. ದೋಷವೂ ಅದೇ ಗುಣದಿಂದ ಹುಟ್ಟುತ್ತದೆ: ಕಾದ ಸಲಾಕೆಯನ್ನು ಬರಿಗೈಯಲ್ಲಿ ಹಿಡಿಯುವಂತಿಲ್ಲ. ಅದು ಭಾರ, ಬೆಲೆಯೂ ಹೆಚ್ಚು. ಒಮ್ಮೆ ಬಳಸಿದ್ದನ್ನು ತೊಳೆದು ಮತ್ತೆ ಪೋಣಿಸುವವರೆಗೆ ಕೆಲಸ ನಿಲ್ಲುತ್ತದೆ. ಹತ್ತು ಗಿರಾಕಿಗಳು ಒಟ್ಟಿಗೆ ಬಂದಾಗ ಇರುವ ಸಲಾಕೆಗಳು ಸಾಲುವುದಿಲ್ಲ. 1964ರ ಸುಮಾರಿಗೆ ನಿಜಾಮ್ಸ್‌ನಲ್ಲಿ ಕಬ್ಬಿಣದ ಸಲಾಕೆಯ ಬದಲು ಬಿದಿರಿನ ಕಡ್ಡಿಗಳು ಬಳಕೆಗೆ ಬಂದವೆಂದು ಹೇಳುತ್ತಾರೆ. ಬಿದಿರು ಬಂಗಾಳದಲ್ಲಿ ಯಥೇಚ್ಛವಾಗಿ ಬೆಳೆಯುತ್ತದೆ; ಅಗ್ಗ, ಹಗುರ. ಉಷ್ಣವನ್ನು ಸುಲಭವಾಗಿ ಹಾಯಗೊಡದ ಕಾರಣ ಅದರ ತುದಿಯನ್ನು ಬೆರಳುಗಳಲ್ಲಿ ಹಿಡಿಯಬಹುದು. ನೀರಿನಲ್ಲಿ ನೆನೆಸಿಟ್ಟರೆ ಕೆಂಡದ ಮೇಲೂ ಬೇಗ ಹೊತ್ತಿಕೊಳ್ಳುವುದಿಲ್ಲ. ಬೆಳಗ್ಗೆಯೇ ನೂರಾರು ಕಡ್ಡಿಗಳಿಗೆ ಮಾಂಸವನ್ನು ಪೋಣಿಸಿ ಸಿದ್ಧವಾಗಿಡಬಹುದು. ಗಿರಾಕಿ ಬಂದೊಡನೆ ಸುಟ್ಟು, ಪರಾಠದ ಮೇಲಿಟ್ಟು, ಕಡ್ಡಿಯನ್ನು ಎಳೆದುಬಿಟ್ಟರಾಯಿತು. ಈ ಕಡ್ಡಿಯಿಂದಲೇ ತಿನಿಸಿಗೆ ಹೆಸರು ಬಂದಿತು. ಬಿಳಿಯ ಅಂಗಿಯ ಬಾಣಸಿಗ ಮಾಡಿದ ದೊಡ್ಡ ಸಂಶೋಧನೆಯೇನೂ ಇದಲ್ಲ. ಒಂದು ಉಪಕರಣದ ಬದಲು ಅದಕ್ಕಿಂತ ಬಡ ಉಪಕರಣವೊಂದನ್ನು ತಂದದ್ದು, ಅಷ್ಟೆ. ಆದರೂ ಕಬಾಬನ್ನು ಬೇಗ ಒದಗಿಸಲು ಅದರಿಂದ ಎಷ್ಟು ನೆರವಾಯಿತೆಂಬುದನ್ನು ಯೋಚಿಸಬೇಕು.

ಮುಂದೆ ರೋಲಿನ ಅಂಗಡಿಗಳು ನಗರದಲ್ಲೆಲ್ಲ ಹಬ್ಬಿದವು. ಇದ್ದಲಿನ ಒಲೆ ಹೂಡಲು ಸ್ಥಳವಿಲ್ಲದ ಸಣ್ಣ ಅಂಗಡಿಯವರು ಮಾಂಸವನ್ನೂ ಕಾವಲಿಯ ಮೇಲೆಯೇ ಹುರಿಯತೊಡಗಿದರು. ಆಗ ಕಡ್ಡಿ ಮಾಯವಾಯಿತು. ಹೆಸರು ಮಾತ್ರ ಹಾಗೆಯೇ ನಿಂತಿತು.

ರೋಲಿನ ಅಂಗಡಿ ಎಂದರೆ ಬಹುಪಾಲು ಒಂದು ಗಾಡಿ, ಇಲ್ಲವೆ ಗೋಡೆಗೆ ಒರಗಿಸಿದ ಗೂಡು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ವಸ್ತು ಕಾವಲಿ. ನಾವು ದೋಸೆಗೆ ಬಳಸುವುದಕ್ಕಿಂತ ಅಗಲವಾದ, ನಡು ಸ್ವಲ್ಪ ತಗ್ಗಾದ ಕಬ್ಬಿಣದ ಕಾವಲಿ ಅದು. ನಡುವಿನ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ, ಶಾಖವೂ ಹೆಚ್ಚು. ಅಂಚಿನಲ್ಲಿ ಶಾಖ ಕಡಿಮೆ. ಹೀಗಾಗಿ ಒಂದೇ ಕಾವಲಿಯ ಮೇಲೆ ನಡುವೆ ಪರಾಠ ಬೇಯುತ್ತಿದ್ದರೆ ಅಂಚಿನಲ್ಲಿ ಬೆಂದ ಮಾಂಸ ಆರದೆ ಬೆಚ್ಚಗಿರುತ್ತದೆ. ಅಂಗಡಿಯವನು ಮೈದಾ ಹಿಟ್ಟಿಗೆ ಉಪ್ಪು, ಸ್ವಲ್ಪ ಎಣ್ಣೆ, ನೀರು ಸೇರಿಸಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಇಟ್ಟಿರುತ್ತಾನೆ. ಅದರಿಂದ ಉಂಡೆ ಮುರಿದು, ಲಟ್ಟಿಸಿ, ಎಣ್ಣೆ ಸವರಿ, ಹಗ್ಗದಂತೆ ಹೊಸೆದು, ಚಕ್ಕುಲಿಯ ಹಾಗೆ ಸುತ್ತಿ, ಮತ್ತೆ ಕೆಲಹೊತ್ತು ಬಿಡುತ್ತಾನೆ. ಅನಂತರ ಅದನ್ನು ತಟ್ಟೆಯಗಲ ಲಟ್ಟಿಸಿದರೆ ಒಳಗೆ ಎಣ್ಣೆಯ ತೆಳುಪೊರೆಯಿಂದ ಬೇರೆ ಬೇರೆಯಾದ ಅನೇಕ ಪದರಗಳು ಉಳಿಯುತ್ತವೆ. ಜನಸಂದಣಿಯ ವೇಳೆಗೆ ಮೊದಲೇ ಅರ್ಧ ಬೇಯಿಸಿದ ಪರಾಠಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುತ್ತಾನೆ.

ಗಿರಾಕಿ ಬಂದು ಕೇಳಿದ ಕ್ಷಣದಿಂದ ಅವನ ಕೈಯನ್ನು ನೋಡುತ್ತ ನಿಲ್ಲುವುದೇ ಒಂದು ಆನಂದ. ಅರ್ಧ ಬೆಂದ ಪರಾಠವು ಎಣ್ಣೆಗೆ ಬೀಳುತ್ತದೆ. ಮೊಟ್ಟೆಯ ರೋಲಾದರೆ ಒಂದೇ ಕೈಯಲ್ಲಿ ಮೊಟ್ಟೆಯನ್ನು ಒಡೆದು ಉಪ್ಪಿನೊಡನೆ ಕಲಕಿ ಕಾವಲಿಗೆ ಸುರಿಯುತ್ತಾನೆ. ಅದು ಹರಡುತ್ತಿರುವಾಗಲೇ ಅದರ ಮೇಲೆ ಪರಾಠವನ್ನು ಮುಚ್ಚುತ್ತಾನೆ. ಮೊಟ್ಟೆಯ ಬಿಳಿಯ ಭಾಗವು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಹೆಪ್ಪುಗಟ್ಟತೊಡಗುತ್ತದೆ. ಕಾವಲಿಯ ಶಾಖ ಅದರ ಎರಡರಷ್ಟಕ್ಕಿಂತಲೂ ಮಿಗಿಲು. ಆದುದರಿಂದ ಕ್ಷಣಮಾತ್ರದಲ್ಲಿ ಮೊಟ್ಟೆ ಪರಾಠಕ್ಕೆ ಕಚ್ಚಿಕೊಂಡು ಒಂದೇ ಹಾಳೆಯಾಗುತ್ತದೆ. ಮಗುಚಿ ಹಾಕಿ, ಹಲಗೆಯ ಮೇಲೆಳೆದು, ನಡುವೆ ಒಂದು ಗೆರೆಯಂತೆ ಮಾಂಸದ ತುಂಡುಗಳನ್ನಿಟ್ಟು, ಮೇಲೆ ಈರುಳ್ಳಿ, ಮೆಣಸಿನಕಾಯಿ ಉದುರಿಸಿ, ನಿಂಬೆಯ ಹೋಳನ್ನು ಹಿಂಡುತ್ತಾನೆ. ಕೆಲವರು ಟೊಮೇಟೊ ಸಾಸನ್ನೂ ಮೆಣಸಿನ ಸಾಸನ್ನೂ ಸುರಿಯುತ್ತಾರೆ. ಕೋಲ್ಕತದ ಹಳೆಯ ರುಚಿಯವರಿಗೆ ಇದು ಸೇರುವುದಿಲ್ಲ. ನಿಂಬೆಯ ಹುಳಿಯಿರುವಾಗ ಸೀಸೆಯ ಹುಳಿ ಏತಕ್ಕೆ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಕೊನೆಗೆ ಬಿಗಿಯಾಗಿ ಸುತ್ತಿ, ಕೆಳಗಿನ ಅರ್ಧಕ್ಕೆ ಕಾಗದ ಹೊದಿಸಿ, ಅದರ ತುದಿಯನ್ನು ಒಳಕ್ಕೆ ಮಡಿಸಿ ಕೊಡುತ್ತಾನೆ. ತಿನ್ನುವವನು ಮೇಲಿನಿಂದ ಕಚ್ಚುತ್ತ, ಕಾಗದವನ್ನು ಸುತ್ತಲೂ ಹರಿಯುತ್ತ ಕೆಳಗಿಳಿಯಬೇಕು. ಒಮ್ಮೆಗೇ ಕಾಗದವನ್ನೆಲ್ಲ ಬಿಚ್ಚಿದವನ ಅಂಗಿಯ ಗತಿಯನ್ನು ಹೇಳಬೇಕಾಗಿಲ್ಲ.

ಬಿಸಿಯಾದ, ತೇವವಾದ ಪದಾರ್ಥವನ್ನು ತುಂಬಿ ಸುತ್ತಿದರೂ ಈ ಪರಾಠ ಹರಿಯುವುದಿಲ್ಲವೇಕೆ? ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲಿಯೂ ಇದೆ. ಹೋಳಿಗೆಯ ಕಣಕವನ್ನು ಚೆನ್ನಾಗಿ ನಾದಿ, ಎಣ್ಣೆ ಹಾಕಿ, ಕೆಲವು ಗಂಟೆ ನೆನೆಯಲು ಬಿಡುವುದನ್ನು ನೀವು ನೋಡಿರಬಹುದು. ಗೋಧಿಯಲ್ಲಿರುವ ಕೆಲವು ಸಸಾರಜನಕ ವಸ್ತುಗಳು ನೀರು ತಾಗಿದಾಗ ಒಂದಕ್ಕೊಂದು ಬೆಸೆದುಕೊಂಡು ಬಲೆಯಂತೆ ಹರಡುತ್ತವೆ. ಇದಕ್ಕೆ ಗ್ಲೂಟೆನ್ ಎಂದು ಹೆಸರು. ನಾದಿದಷ್ಟೂ ಈ ಬಲೆ ಬಲವಾಗುತ್ತದೆ. ಆದರೆ ಆಗತಾನೆ ನಾದಿದ ಕಣಕವನ್ನು ಲಟ್ಟಿಸಿದರೆ ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕೆಲಹೊತ್ತು ಬಿಟ್ಟರೆ ಬಿಗಿ ಸಡಿಲಗೊಂಡು ಹೇಳಿದಂತೆ ಕೇಳುತ್ತದೆ. ಹೋಳಿಗೆಯು ಹೂರಣವನ್ನು ಹೊತ್ತುಕೊಳ್ಳುವುದೂ ಪರಾಠವು ಕಬಾಬನ್ನು ಹೊತ್ತುಕೊಳ್ಳುವುದೂ ಈ ಬಲೆಯ ಬಲದಿಂದಲೇ.

ಜೋಳದಲ್ಲಿ ಈ ಗುಣವಿಲ್ಲ. ಅದಕ್ಕಾಗಿಯೇ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಜೋಳದ ಹಿಟ್ಟಿಗೆ ಬಿಸಿ ನೀರು ಹಾಕಿ ನಾದುತ್ತಾರೆ. ಬಿಸಿ ನೀರಿಗೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ಆ ಅಂಟಿನ ಬಲದ ಮೇಲೆ ಎರಡೂ ಕೈಗಳಿಂದ ತಟ್ಟಿ ರೊಟ್ಟಿಯನ್ನು ಅಗಲ ಮಾಡುತ್ತಾರೆ. ಬಿಸಿ ರೊಟ್ಟಿಯ ಮೇಲೆ ಎಣ್ಣೆಗಾಯಿಯನ್ನೋ ಚಟ್ನಿಪುಡಿಯನ್ನೋ ಹಾಕಿ, ಮಡಿಸಿ ಕೈಯಲ್ಲಿ ಹಿಡಿದು ಹೊಲದ ಬದುವಿನಲ್ಲಿ ತಿನ್ನುವ ರೂಢಿ ನಮ್ಮಲ್ಲಿಯೂ ಉಂಟು. ಆರಿದ ಮೇಲೆ ಅದೇ ರೊಟ್ಟಿಯನ್ನು ಸುತ್ತಲು ಹೋದರೆ ಮುರಿಯುತ್ತದೆ. ಹೊಲದಲ್ಲಿ ದುಡಿಯುವವನ ಹಸಿವೂ ಕಚೇರಿಯಲ್ಲಿ ದುಡಿಯುವವನ ಹಸಿವೂ ಒಂದೇ ಆದರೂ, ಒಬ್ಬನಿಗೆ ಬುತ್ತಿ ಕಟ್ಟಿಕೊಡುವವರು ಮನೆಯಲ್ಲಿದ್ದಾರೆ. ಇನ್ನೊಬ್ಬನು ಬೀದಿಯನ್ನು ನಂಬಬೇಕು.

ರೋಲನ್ನು ತಿನ್ನುವವರಲ್ಲಿ ಗುಮಾಸ್ತರಷ್ಟೇ ಅಲ್ಲ, ಕಾಲೇಜಿನ ಹುಡುಗರೂ ಅಂಗಡಿಯ ಆಳುಗಳೂ ಆಟ ನೋಡಿ ಮರಳುವವರೂ ಇದ್ದಾರೆ. ಕಾಸು ಕಡಿಮೆಯಿದ್ದವನಿಗೆ ಮೊಟ್ಟೆಯ ರೋಲು; ಇದ್ದವನಿಗೆ ಕೋಳಿಯದೋ ಕುರಿಯದೋ. ಪನೀರಿನ ಮತ್ತು ಆಲೂಗಡ್ಡೆಯ ರೋಲುಗಳೂ ಈಗ ಸಾಮಾನ್ಯ. ದುರ್ಗಾಪೂಜೆಯ ರಾತ್ರಿಗಳಲ್ಲಿ ಇಡೀ ನಗರವೇ ದೇವಿಯ ಮಂಟಪಗಳನ್ನು ನೋಡುತ್ತ ಬೀದಿಯಲ್ಲಿ ನಡೆಯುವಾಗ, ರೋಲಿನ ಕಾವಲಿಗೆ ಆರುವುದಕ್ಕೆ ಅವಕಾಶವೇ ಇರುವುದಿಲ್ಲ. ಈ ಅಂಗಡಿಗಳ ಮುಂದೆ ನಿಂತ ಗುಂಪನ್ನು ಸ್ವಲ್ಪ ಗಮನಿಸಬೇಕು. ಊಟದ ಪಂಕ್ತಿಯಲ್ಲಿ ಯಾರು ಯಾರ ಪಕ್ಕದಲ್ಲಿ ಕುಳಿತುಕೊಳ್ಳಬೇಕು, ಯಾರು ಬಡಿಸಬೇಕು ಎಂಬ ಕಟ್ಟಳೆಗಳಿಂದ ನಮ್ಮ ಸಮಾಜವು ಬಹುಕಾಲ ನರಳಿದೆ. ಇಲ್ಲಿ ಪಂಕ್ತಿಯೇ ಇಲ್ಲ. ಪಂಕ್ತಿಭೇದ ಎಲ್ಲಿಂದ ಬರಬೇಕು? ಸುಟ್ಟವನ ಜಾತಿಯನ್ನು ಯಾರೂ ಕೇಳುವುದಿಲ್ಲ, ಪಕ್ಕದಲ್ಲಿ ನಿಂತವನ ಜಾತಿಯನ್ನೂ ಕೇಳುವುದಿಲ್ಲ. ಬೇಗ ಕೊಡು ಎಂಬುದೊಂದೇ ಎಲ್ಲರ ಬೇಡಿಕೆ. ಸಸ್ಯಾಹಾರಿಗಳು ಮಾತ್ರ ಕಾವಲಿ ಒಂದೇ ಆಗಿರುತ್ತದೆಂಬುದನ್ನು ನೆನಪಿನಲ್ಲಿಟ್ಟು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಕೋಲ್ಕತದ ಹೊರಗೂ ಈ ಬಗೆಯ ತಿನಿಸು ಬೆಳೆದಿದೆ. ಮುಂಬಯಿಯಲ್ಲಿ ಅಮರ್‌ಜಿತ್ ಸಿಂಗ್ ಟಿಬ್ ಎಂಬವರು 1969ರಲ್ಲಿ 'ಫ್ರಾಂಕಿ' ಎಂಬ ಸುರುಳಿಯನ್ನು ಮಾರತೊಡಗಿದರು. ಅವರು ಬೇರೂತ್ ನಗರದಲ್ಲಿ ಕಂಡ ತುಂಬಿದ ರೊಟ್ಟಿಯೇ ಇದಕ್ಕೆ ಸ್ಫೂರ್ತಿಯೆಂದೂ, ವೆಸ್ಟ್ ಇಂಡೀಸ್ ತಂಡದ ಕ್ರಿಕೆಟ್ ಆಟಗಾರ ಫ್ರಾಂಕ್ ವೊರೆಲ್ ಅವರ ಮೇಲಿನ ಅಭಿಮಾನದಿಂದ ಈ ಹೆಸರಿಟ್ಟರೆಂದೂ ಹೇಳುತ್ತಾರೆ. ಈ ವೊರೆಲ್ ಅವರ ಹೆಸರು ಭಾರತೀಯರಿಗೆ ಬೇರೊಂದು ಕಾರಣಕ್ಕೂ ಪ್ರಿಯವಾದುದು. 1962ರಲ್ಲಿ ಬಾರ್ಬಡಾಸ್‌ನಲ್ಲಿ ನಮ್ಮ ತಂಡದ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಗೆ ಚೆಂಡು ಬಡಿದು ಪ್ರಾಣಾಪಾಯ ಒದಗಿದಾಗ ಎದುರಾಳಿ ತಂಡದ ನಾಯಕರಾಗಿದ್ದ ವೊರೆಲ್ ರಕ್ತದಾನ ಮಾಡಿದ್ದರು. ಅದರ ನೆನಪಿಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆಯು ಕೋಲ್ಕತದಲ್ಲಿ ರಕ್ತದಾನ ಶಿಬಿರವನ್ನು ನಡೆಸಿಕೊಂಡು ಬಂದಿದೆ. ಮುಂಬಯಿಯ ಸುರುಳಿಗೆ ಹೆಸರು ಕೊಟ್ಟವರನ್ನು ಕೋಲ್ಕತದವರು ಹೀಗೆ ಸ್ಮರಿಸುತ್ತಿರುವುದು ಒಂದು ವಿಶೇಷ. ನಮ್ಮ ಬೆಂಗಳೂರಿಗೂ ಉದ್ಯೋಗಕ್ಕಾಗಿ ಬಂದ ಬಂಗಾಳಿಗಳ ಹಿಂದೆ ಕಾಠಿ ರೋಲು ಬಂದಿದೆ. ದರ್ಶಿನಿಗಳಲ್ಲಿ ನಿಂತು ಇಡ್ಲಿ ವಡೆ ತಿನ್ನುವ ಅಭ್ಯಾಸವಿದ್ದ ಬೆಂಗಳೂರಿಗರಿಗೆ ಅದು ಅಪರಿಚಿತವೆನಿಸಲಿಲ್ಲ.

ರೋಲನ್ನು ಹೊಗಳುವ ಭರದಲ್ಲಿ ಅದರ ಕುಂದುಗಳನ್ನು ಮರೆಯಬಾರದು. ಮೈದಾದಲ್ಲಿ ಗೋಧಿಯ ತೌಡು ಇರುವುದಿಲ್ಲವಾದ್ದರಿಂದ ನಾರಿನ ಅಂಶ ಕಡಿಮೆ. ಎಣ್ಣೆ ಹೆಚ್ಚು. ದಿನವೂ ತಿನ್ನುವ ಆಹಾರವಲ್ಲ ಅದು. ಹಳೆಯ ವೃತ್ತಪತ್ರಿಕೆಯಲ್ಲಿ ಬಿಸಿ ತಿನಿಸನ್ನು ಸುತ್ತಿ ಕೊಡುವ ಪದ್ಧತಿ ನಮ್ಮ ದೇಶದ ಬೀದಿಗಳಲ್ಲೆಲ್ಲ ಇತ್ತು. ಅಚ್ಚಿನ ಮಸಿಯಲ್ಲಿರುವ ರಾಸಾಯನಿಕಗಳು ಎಣ್ಣೆಯೊಡನೆ ತಿನಿಸಿಗೆ ಸೇರುತ್ತವೆಂಬ ಕಾರಣದಿಂದ 2018ರ ಆಹಾರ ಸುರಕ್ಷಾ ನಿಯಮಗಳು ಅದನ್ನು ನಿಷೇಧಿಸಿವೆ. ಅಚ್ಚಾಗದ ಶುದ್ಧ ಕಾಗದದ ಖರ್ಚು ಒಂದು ರೋಲಿಗೆ ಅಲ್ಪವೇ ಸರಿ. ಆದರೆ ಅಲ್ಪ ಲಾಭದ ಮೇಲೆ ಬದುಕುವ ವ್ಯಾಪಾರಿ ಆ ಅಲ್ಪವನ್ನೂ ಎಣಿಸಬೇಕಾಗುತ್ತದೆ.

ಆ ವ್ಯಾಪಾರಿಯ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಚಿಂತೆಯೊಂದಿದೆ. ಅವನು ನಿಂತಿರುವ ನೆಲ ಅವನದಲ್ಲ. ಕಾಲುದಾರಿಯು ನಡೆಯುವವರಿಗಾಗಿ ಕಟ್ಟಿದ್ದು. ಅಲ್ಲಿ ಗಾಡಿಗಳು ತುಂಬಿದರೆ ಮುದುಕರೂ ಮಕ್ಕಳೂ ವಾಹನಗಳ ನಡುವೆ ಇಳಿದು ನಡೆಯಬೇಕಾಗುತ್ತದೆ. ನಡೆಯುವವರ ಈ ದೂರು ನ್ಯಾಯವಾದುದು. ಕಾಲುದಾರಿಗಳನ್ನು ತೆರವು ಮಾಡುವ ಉದ್ದೇಶದಿಂದ 1996ರ ನವೆಂಬರ್ ತಿಂಗಳಿನಲ್ಲಿ ಕೋಲ್ಕತದಲ್ಲಿ 'ಆಪರೇಷನ್ ಸನ್‌ಶೈನ್' ಎಂಬ ಕಾರ್ಯಾಚರಣೆ ನಡೆಯಿತು. ರಾತ್ರಿಯ ವೇಳೆಯಲ್ಲಿ ಮುಖ್ಯ ಬೀದಿಗಳ ಗೂಡಂಗಡಿಗಳನ್ನು ಕಿತ್ತುಹಾಕಲಾಯಿತು. ಕಾರ್ಯಾಚರಣೆಯ ಹೆಸರು 'ಬಿಸಿಲ ಬೆಳಕು' ಎಂದಿದ್ದರೂ ಸಾವಿರಾರು ಸಂಸಾರಗಳಿಗೆ ಅದು ಕತ್ತಲೆಯಾಗಿಯೇ ಕಂಡಿತು. ಬೀದಿ ವ್ಯಾಪಾರಿಗಳು ಸಂಘಟಿತರಾಗಿ ಹೋರಾಡಿದರು. ಕಾಲಕ್ರಮದಲ್ಲಿ ಅನೇಕರು ಬೀದಿಗೆ ಮರಳಿದರು. ಏಕೆಂದರೆ ಅವರಿಂದ ಕೊಳ್ಳುವವರೂ ಬೀದಿಯಲ್ಲಿಯೇ ಇದ್ದರು.

ಇಂಥ ಘರ್ಷಣೆ ಒಂದು ನಗರದ್ದಲ್ಲ. ನಮ್ಮ ಸಂವಿಧಾನದ 19ನೆಯ ವಿಧಿಯು ಯಾವುದೇ ವೃತ್ತಿಯನ್ನು ಅಥವಾ ವ್ಯಾಪಾರವನ್ನು ನಡೆಸುವ ಸ್ವಾತಂತ್ರ್ಯವನ್ನು ನಾಗರಿಕರಿಗೆ ಕೊಟ್ಟಿದೆ. ಕಾಲುದಾರಿಯ ಮೇಲಿನ ವ್ಯಾಪಾರವೂ ಈ ಸ್ವಾತಂತ್ರ್ಯದೊಳಗೆ ಬರುತ್ತದೆಂದೂ, ಆದರೆ ಸಾರ್ವಜನಿಕರ ಹಿತಕ್ಕಾಗಿ ಅದನ್ನು ನಿಯಂತ್ರಿಸಬಹುದೆಂದೂ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪು ನೀಡಿತು. ಕಾಲು ಶತಮಾನದ ಅನಂತರ, 2014ರಲ್ಲಿ, ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಮತ್ತು ಬೀದಿ ವ್ಯಾಪಾರವನ್ನು ನಿಯಂತ್ರಿಸುವ ಕಾನೂನನ್ನು ಸಂಸತ್ತು ರಚಿಸಿತು. ಅದರಂತೆ ಪ್ರತಿಯೊಂದು ನಗರದಲ್ಲಿಯೂ ಒಂದು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು. ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಸಮಿತಿಯು ವ್ಯಾಪಾರಿಗಳ ಸಮೀಕ್ಷೆ ನಡೆಸಿ, 14 ವರ್ಷ ತುಂಬಿದವರಿಗೆ ಪ್ರಮಾಣಪತ್ರ ಕೊಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ದೊರೆಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳ ಬದಲಿಸಬೇಕಾದರೆ 30 ದಿನಗಳ ಮುನ್ಸೂಚನೆ ಕೊಡಬೇಕು.

ಪ್ರಮಾಣಪತ್ರ ಪಡೆಯುವ ವಯಸ್ಸು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ವಯಸ್ಸೇ ಆಗಿರುವುದನ್ನು ನೀವು ಗಮನಿಸಿರಬಹುದು. ನಿಮ್ಮ ಊರಿನ ಪುರಸಭೆಯಲ್ಲಿ ಇಂಥ ಸಮಿತಿ ಇದೆಯೆ, ಅದರಲ್ಲಿ ಎಷ್ಟು ಮಂದಿ ವ್ಯಾಪಾರಿಗಳಿದ್ದಾರೆ ಎಂಬುದನ್ನು ಕೇಳಿ ತಿಳಿಯಬಹುದು. ಆ ಕಾನೂನಿನಲ್ಲಿ ಇನ್ನೊಂದು ಸಣ್ಣ ವಿಧಿಯಿದೆ. ವ್ಯಾಪಾರಿಯಿಂದ ವಶಪಡಿಸಿಕೊಂಡ ಸರಕು ಕೆಡುವಂಥದಲ್ಲದಿದ್ದರೆ ಅವನು ಬಂದು ಕೇಳಿದ ಎರಡು ಕೆಲಸದ ದಿನಗಳೊಳಗೆ ಅದನ್ನು ಹಿಂದಿರುಗಿಸಬೇಕು. ಬೇಗ ಕೆಡುವ ಸರಕಾದರೆ ಕೇಳಿದ ದಿನವೇ ಹಿಂದಿರುಗಿಸಬೇಕು. ಕಾವಲಿಯೂ ಗಾಡಿಯೂ ಎರಡು ದಿನ ಕಾಯಬಲ್ಲವು. ಬೆಳಗ್ಗೆ ನಾದಿ ಒದ್ದೆ ಬಟ್ಟೆ ಮುಚ್ಚಿಟ್ಟ ಕಣಕ, ಮಸಾಲೆ ಹಚ್ಚಿದ ಮಾಂಸ, ಹೆಚ್ಚಿದ ಈರುಳ್ಳಿ ಸಂಜೆಯವರೆಗೆ ಮಾತ್ರ ಕಾಯುತ್ತವೆ.